ಐದೇ ನಿಮಿಷ, ಬರ್ತೀನಿ

ಮಾರ್ಚ್ ೩, ಸೋಮವಾರ. ಸಂಜೆ

ಇವತ್ತು ಹನ್ನೊಂದು ಚೇರು. ಮೊಣಕಾಲು ಬೆಂಕಿ. ಏರ್‌ಪೋರ್ಟಿಗೆ ಬಂದವರನ್ನೆಲ್ಲ ಕೂರಿಸಿಕೊಂಡು ತಳ್ಳುವ ನನಗೇ ಇನ್ನೆರಡು ವರ್ಷಕ್ಕೆ ಒಂದು ವೀಲ್‌ಚೇರ್ ಬೇಕಾಗುತ್ತದೆ. ಇವರಿಗೆ ಹೇಳಿದೆ. "ಆಗ ನಾನು ತಳ್ತೀನಿ ಬಿಡು" ಅಂದರು, ಟೀವಿಯಿಂದ ಕಣ್ಣು ತೆಗೆಯದೆ. ತಳ್ಳುತ್ತಾರೆ, ತಳ್ಳುತ್ತಾರೆ. ಗ್ಯಾಸ್ ಸಿಲಿಂಡರ್ ಅಡುಗೆಮನೆಗೆ ತಳ್ಳಲು ಪಕ್ಕದ ಮನೆಯವರು ಬರಬೇಕು.

ಬೆಳಗ್ಗೆ ಮೊದಲನೇ ಚೇರೇ ಒಬ್ಬ ಮಹಾತಾಯಿ. ಸೆಕ್ಯೂರಿಟಿ ಸಾಲು ದಾಟುವವರೆಗೂ "ಅಯ್ಯೋ ಕಾಲು, ಅಯ್ಯೋ ಸೊಂಟ". ದಾಟಿ, ಸೆಂಟಿನ ಅಂಗಡಿ ಕಂಡದ್ದೇ ತಡ, ಎದ್ದು ಓಡಿದಳು! ಖಾಲಿ ಚೇರು ಹಿಡಿದುಕೊಂಡು ನಾನು ಹಿಂದೆ ಹಿಂದೆ. ನನ್ನ ಜೊತೆ ಚೇರು ತಳ್ಳುವ ಹುಡುಗಿ ಕಡ್ಡಿ ಇದನ್ನು ನೋಡಿ ಬಿದ್ದು ಬಿದ್ದು ನಕ್ಕಳು. "ಮೈಕಕ್ಕಾ, ನಿಮ್ಮ ಕೈಗುಣ! ಕುಂಟರೆಲ್ಲ ಓಡ್ತಾರೆ." ಅವಳಿಗೆ ಕಡ್ಡಿ ಅಂತ ಹೆಸರಿಟ್ಟವಳು ನಾನು, ನನಗೆ ಮೈಕು ಅಂತ ಇಟ್ಟವಳು ಅವಳು. ಲೆಕ್ಕ ಚುಕ್ತಾ. ಊದಿದರೆ ಹಾರಿಹೋಗುವ ಹಾಗಿದ್ದಾಳೆ. ಆದರೆ ನೂರು ಕೆಜಿ ಆಸಾಮಿಯನ್ನು ಇಳಿಜಾರಿನಲ್ಲಿ ಹಿಮ್ಮುಖವಾಗಿ, ಮೈ ಅಲುಗದ ಹಾಗೆ ಇಳಿಸುತ್ತಾಳೆ. ಕಲಿಸಿದವಳು ನಾನೇ. ಏಪ್ರಿಲ್‌ಗೆ ಪರ್ಮನೆಂಟ್ ಆಗುತ್ತಾಳೆ. ಮೂರು ವರ್ಷ ಕಾದಿದ್ದಾಳೆ, ಆಗಲಿ.

ಪಾಳಿ ಮುಗಿಯುವಾಗ ಸೂಪರ್‌ವೈಸರ್ ಮೀಟಿಂಗ್ ಕರೆದರು. ಅದೇ ಪುರಾಣ. "ಚೀಟಿ ಕೈ ಬದಲಾಗದೆ ಪ್ಯಾಸೆಂಜರ್ ಕೈ ಬದಲಾಗಬಾರದು. ಕೌಂಟರ್ ಬುಕ್ಕಲ್ಲಿ ಯಾರೂ ಮುಂಚೆನೇ ಬರೆದಿಡಬೇಡಿ." ಹೂಂ ಸಾರ್, ಹೂಂ ಸಾರ್. ಎಲ್ಲರೂ ಮುಂಚೆಯೇ ಬರೆದಿಡುತ್ತೇವೆ. ಇಷ್ಟು ಗಂಟೆಗೆ ಇಂಥವರಿಗೆ ಒಪ್ಪಿಸಿದೆ ಅಂತ ಬರೆದು, ಆಮೇಲೆ ಹೋಗಿ ಪ್ಯಾಸೆಂಜರ್ ಹೆಸರಿನ ಚೀಟಿ ಕೊಟ್ಟು ಒಪ್ಪಿಸುವುದು. ಇಲ್ಲದಿದ್ದರೆ ಆ ಬುಕ್ಕು ಹುಡುಕಿಕೊಂಡು ವಾಪಸ್ ಓಡುವಷ್ಟರಲ್ಲಿ ಇನ್ನೆರಡು ಚೇರು ಕಾದಿರುತ್ತವೆ.

ಮಾರ್ಚ್ ೬, ಗುರುವಾರ. ಸಂಜೆ

ಇವತ್ತಿನ ಅಜ್ಜನ ವಿಷಯ ಬರೆಯಲೇಬೇಕು.

ಎಪ್ಪತ್ತೈದು ಇರಬಹುದು. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆವರೆಗೂ ಗುಂಡಿ. ತೊಡೆಯ ಮೇಲೆ ಒಂದು ಬಟ್ಟೆ ಚೀಲ, ಎರಡೂ ಕೈಯಲ್ಲಿ ಹಿಡಿದುಕೊಂಡು. ಮಗಳು ಬಾಗಿಲವರೆಗೆ ಬಂದು ಬಿಟ್ಟು ಹೋದಳು. ಒಳಗೆ ಅವರೊಬ್ಬರೇ.

"ಮೊದಲ ಸಲಾನಾ ಅಜ್ಜಾ, ವಿಮಾನ?"

"ಮೊದಲ ಸಲ ತಾಯಿ. ರೈಲಲ್ಲಿ ಹೋದ್ರೆ ಒಂದೂವರೆ ದಿನ. ಅಕ್ಕ ಅಷ್ಟು ತಡೆಯಲ್ಲ ಅಂದ್ರು ಡಾಕ್ಟ್ರು."

ಚೇರು ಸೆಕ್ಯೂರಿಟಿ ಕಡೆ ತಿರುಗಿಸಿದೆ. 

ನಡೆಯುತ್ತಾರಂತೆ. ನಿಧಾನ, ಆದರೆ ನಡೆಯುತ್ತಾರೆ. ದಾರಿ ತಪ್ಪಿಬಿಡುತ್ತಾರೆ ಅಂತ ಮಗಳು ಚೇರು ಬರೆಸಿದ್ದು. ನಮ್ಮ ಭಾಷೆಯಲ್ಲಿ 'ಆರ್' ಕೇಸು, ಅಂದರೆ ನಾಲ್ಕು ಹೆಜ್ಜೆ ಇಡಬಲ್ಲವರು. 'ಸಿ' ಅಂದರೆ ಕಾಲೇ ಊರಲಾರದವರು, ಸೀಟಿಂದ ಎತ್ತಿ ಚೇರಿಗೆ, ಚೇರಿಂದ ಎತ್ತಿ ಸೀಟಿಗೆ.

ಸೆಕ್ಯೂರಿಟಿಯಲ್ಲಿ ಚೀಲ ಬಿಚ್ಚಿಸಿದರು. ಒಂದು ಜೊತೆ ಬಟ್ಟೆ, ಮಾತ್ರೆ ಡಬ್ಬಿ, ಒಂದು ಜೊತೆ ಕೆಂಪು ಉಲ್ಲನ್ ಕಾಲುಚೀಲ. ಹೊಸದು, ಲೇಬಲ್ಲು ಹಾಗೇ ಇದೆ. ಯಂತ್ರದ ಹತ್ತಿರ ನಿಂತವನು ಅದನ್ನು ಎತ್ತಿ ಹಿಡಿದು ನಕ್ಕ. "ಇಡಪ್ಪಾ ಕೆಳಗೆ, ನಿನ್ನ ಅಳತೆದಲ್ಲ" ಅಂದೆ. ಇಟ್ಟ.

"ಅಕ್ಕನಿಗೆ ತಾಯಿ" ಅಂದರು ಅಜ್ಜ. "ಚಿಕ್ಕೋಳಿದ್ದಾಗಿಂದ ಅವಳ ಕಾಲು ತಣ್ಣಗೆ. ನನ್ನ ಹೊಟ್ಟೆ ಮೇಲೆ ಕಾಲಿಟ್ಟು ಮಲಗ್ತಿದ್ಲು. ಅಮ್ಮ ಹೋದಾಗ ನನಗೆ ನಾಲ್ಕು, ಅವಳಿಗೆ ಹನ್ನೊಂದು. ಅವಳೇ ಸಾಕಿದ್ದು. ಫೋನಲ್ಲಿ ಮಾತು ಸರಿಯಾಗಿ ಬರ್ತಿಲ್ಲ. 'ತಮ್ಮ ಹೊರಟ್ನಾ' ಅಂತ ಒಂದೇ ಕೇಳ್ತಾಳೆ."

ರೈಲ್ವೆಯಲ್ಲಿದ್ದವರಂತೆ. ರಸ್ತೆಗೆ ಅಡ್ಡ ಗೇಟು ಹಾಕಿ ತೆಗೆಯುವ ಕೆಲಸ. ಮೂವತ್ತನಾಲ್ಕು ವರ್ಷ, ಅದೇ ಗೇಟು. "ಬೇಜಾರಾಗ್ತಿರಲಿಲ್ವಾ?" ಕೇಳಿದೆ. "ಬೇಜಾರು ಮಾಡ್ಕೊಳ್ಳೋಕೆ ಬಿಡುವೆಲ್ಲಿ ತಾಯಿ? ಮುಂದಿನ ಗಾಡಿ ಬರ್ತಿರುತ್ತೆ" ಅಂದರು. ನಕ್ಕೆ. ನನ್ನ ಕೆಲಸವೂ ಅದೇ.

ಒಂಬತ್ತನೇ ಗೇಟಿನ ಹತ್ತಿರ ನೂಕುನುಗ್ಗಲು. ಫೋನ್ ಚಾರ್ಜಿಗೆ ಹಾಕುವ ದಪ್ಪ ಕಂಬ ಇದೆಯಲ್ಲ, ಅದರ ಪಕ್ಕ ಜಾಗ ಸಿಕ್ಕಿತು. ಅಷ್ಟರಲ್ಲಿ ವಾಕಿಟಾಕಿ ಅರಚಿತು. ಬಂದಿಳಿದ ವಿಮಾನದಲ್ಲಿ ಒಂದು 'ಸಿ', ಎಲ್ಲರೂ ಇಳಿದು ಆತನೊಬ್ಬನೇ ಉಳಿದು, ಸಿಬ್ಬಂದಿಯೆಲ್ಲ ಕೂಗಾಡುತ್ತಿದ್ದಾರೆ, ಹತ್ತಿರ ಇರುವುದು ನಾನೇ. ಅಜ್ಜನ ಚೇರಿಗೆ ಬ್ರೇಕ್ ಹಾಕಿದೆ. "ಐದೇ ನಿಮಿಷ ಅಜ್ಜಾ, ಬರ್ತೀನಿ. ಇಲ್ಲಿಂದ ಅಲ್ಲಾಡಬೇಡಿ."

"ಹೇಳಿದ ಕಡೆ ಇರೋದೇ ನನ್ನ ಕಸುಬು ತಾಯಿ. ಹೋಗ್ಬನ್ನಿ."

ಒಂದೂವರೆ. ನನ್ನ ಪಾಳಿ ಮುಗಿದು, ಇವತ್ತು ಮಧ್ಯಾಹ್ನದ ಪಾಳಿಯಲ್ಲಿದ್ದ ಕಡ್ಡಿ ಬರುವ ಹೊತ್ತು. ಬುಕ್ಕಲ್ಲಿ ಅವಳ ಸ್ಟಾಫ್ ನಂಬರು ಬರೆದು ಓಡಿದೆ. 'ಸಿ' ಆಸಾಮಿ ಭಾರಿ ಆಳು, ಇಬ್ಬರು ಹಿಡಿದು ಎತ್ತುವಷ್ಟರಲ್ಲಿ ಸಾಕುಬೇಕಾಯಿತು. ಪಾಪ, ಆತನೇ "ಸಾರಿ ಮೇಡಂ, ಸಾರಿ ಮೇಡಂ" ಅಂತ ಬೆವರಿದ. ಹೊರಗೆ ಬಿಟ್ಟು ಬರುವಾಗ ಸ್ಟಾಫ್ ಬಸ್ಸು ಹೊರಟೇಬಿಟ್ಟಿತ್ತು, ಕೈ ಬೀಸಿ ನಿಲ್ಲಿಸಿ ಹತ್ತಿದೆ.

ಅಜ್ಜ ಇಷ್ಟು ಹೊತ್ತಿಗೆ ಅಕ್ಕನ ಹತ್ತಿರ ಇರುತ್ತಾರೆ. ಕಾಲುಚೀಲ ಹಾಕಿರುತ್ತಾರೆ.

ಮಾರ್ಚ್ ೭, ಶುಕ್ರವಾರ. ಬೆಳಗ್ಗೆ ೧೦

ರಜೆ. ಯೂನಿಫಾರ್ಮ್ ನೆನೆಹಾಕುವ ಮುಂಚೆ ಜೇಬು ತಡಕಿದೆ. ಪೆನ್ನು, ಪೆಪ್ಪರ್‌ಮಿಂಟು, ಚೀಟಿ.

ಅಜ್ಜನ ಚೀಟಿ.

 ಕಡ್ಡಿಗೆ ಕೊಡಲಿಲ್ಲವಾ? ಹೇಳಲಿಲ್ಲವಾ? ಹೇಳಿದ ಹಾಗೆ ನೆನಪು... ಇಲ್ಲ. ದಾರಿಯಲ್ಲಿ ಸಿಗುತ್ತಾಳೆ, ಹೇಳೋಣ ಅಂತ ಅಂದುಕೊಂಡದ್ದು ನೆನಪು. ಅವಳು ಸಿಗಲಿಲ್ಲ. ನಾನು ನಿಲ್ಲಲಿಲ್ಲ.

ಆದರೆ ಗೇಟಿನ ಹತ್ತಿರವೇ ಇದ್ದರಲ್ಲ. ಬೋರ್ಡಿಂಗ್ ಪಾಸ್ ಅವರ ಅಂಗಿ ಜೇಬಿನಲ್ಲೇ ಇತ್ತು. ನಡೆಯುವ ಮನುಷ್ಯ. ಯಾರಾದರೂ ನೋಡಿ ಹತ್ತಿಸಿರುತ್ತಾರೆ. ಖಂಡಿತ ಹತ್ತಿಸಿರುತ್ತಾರೆ.

ಕಡ್ಡಿಗೆ ಫೋನ್ ಮಾಡಲು ಮೂರು ಸಲ ಕೈಗೆತ್ತಿಕೊಂಡೆ. ಮಾಡಲಿಲ್ಲ.

ಮಾರ್ಚ್ ೮, ಶನಿವಾರ. ಸಂಜೆ

ಹತ್ತಿಸಿರಲಿಲ್ಲ.

ಗೇಟು ಒಂಬತ್ತರಿಂದ ಹನ್ನೆರಡಕ್ಕೆ ಬದಲಾಗಿದೆ. ಜನರೆಲ್ಲ ಎದ್ದು ಹೋಗಿದ್ದಾರೆ. ಅಜ್ಜ ಕಂಬದ ಮರೆಯಲ್ಲಿ. ಹೆಸರು ಮೂರು ಸಲ ಕೂಗಿದರಂತೆ. ಸಂಜೆ ಆರಕ್ಕೆ ನೆಲ ಒರೆಸುವ ಅಕ್ಕ ಬಂದು "ಅಜ್ಜಾ, ಇನ್ನೂ ಇಲ್ಲೇ ಕೂತಿದ್ದೀರಲ್ಲ" ಅಂದಾಗ, "ಅಮ್ಮ ಒಬ್ರು ಬರ್ತೀನಿ ಅಂದಿದ್ದಾರೆ" ಅಂದರಂತೆ.

ಒಂದೂವರೆಯಿಂದ ಆರು.

ಒರೆಸುವ ಅಕ್ಕ ಕ್ಯಾಂಟೀನಿನಲ್ಲಿ ಹೇಳಿದಳು. "ಪ್ಯಾಂಟು ಒದ್ದೆಯಾಗಿತ್ತು ಕಣ್ರೀ. ಪಾಪ, ಆ ಬಟ್ಟೆ ಚೀಲ ಅಡ್ಡ ಇಟ್ಕೊಂಡು ಕೂತಿದ್ರು. ಒರೆಸೋಕೆ ಹೋದ್ರೆ ನಂಗೇ ಕೈಮುಗಿದ್ರು." ಬುತ್ತಿ ಮುಚ್ಚಿ ಎದ್ದೆ.

ಶುಕ್ರವಾರ ಬೆಳಗಿನ ವಿಮಾನ ಭರ್ತಿ. ಮಧ್ಯಾಹ್ನದ್ದರಲ್ಲಿ ಕಳಿಸಿದರಂತೆ. ಅಕ್ಕನ ವಿಷಯ ಯಾರಿಗೂ ಗೊತ್ತಿಲ್ಲ. ಗೊತ್ತಿರುವವಳು ನಾನೊಬ್ಬಳೇ.

ಹತ್ತು ಗಂಟೆಗೆ ಸೂಪರ್‌ವೈಸರ್ ಕಡ್ಡಿಯನ್ನು ಕ್ಯಾಬಿನ್‌ಗೆ ಕರೆದರು. ಬಾಗಿಲು ಅರ್ಧ ತೆರೆದಿತ್ತು.

"ಬುಕ್ಕಲ್ಲಿ ನಿನ್ನ ನಂಬರಿದೆ. ಒಂದೂವರೆಗೆ ನಿನಗೆ ಒಪ್ಪಿಸಿದ್ದಾರೆ. ಚೀಟಿ ಎಲ್ಲಿ?"

"ನಂಗೆ ಯಾರೂ ಚೀಟಿ ಕೊಡಲಿಲ್ಲ ಸಾರ್."

"ಕಳೆದುಹಾಕಿದ್ದೀಯ ಅನ್ನು."

ಆಮೇಲೆ ನನ್ನನ್ನು ಕರೆದರು. "ಬುಕ್ಕಲ್ಲಿ ಬರೆದದ್ದು ನೀವೇ ಅಲ್ವಾ?" "ಹೌದು ಸಾರ್." ಅಷ್ಟೇ ಕೇಳಿದರು. ಅಷ್ಟಕ್ಕೇ ಉತ್ತರ ಕೊಟ್ಟೆ. ಸುಳ್ಳು ಹೇಳಲಿಲ್ಲ.

ಸುಳ್ಳು ಹೇಳಲಿಲ್ಲವಂತೆ! ಥೂ.

ಮಾರ್ಚ್ ೯, ಭಾನುವಾರ

ಎಂಟು ಚೇರು.  "ಮೈಕಿಗೆ ಕರೆಂಟಿಲ್ವಾ ಇವತ್ತು?" ಅಂದರು ಹುಡುಗಿಯರು.

ಮಾರ್ಚ್ ೧೨, ಬುಧವಾರ

ಕಡ್ಡಿಯನ್ನು ಸಸ್ಪೆಂಡ್ ಮಾಡಿದರು. ತಿಂಗಳ ಕೊನೆಗೆ ವಿಚಾರಣೆ, ಆಮೇಲೆ ತೆಗೆಯುವುದೇ. ಕ್ಯಾಮೆರಾ ನೋಡಿದರಂತೆ, ಕಂಬ ಅಡ್ಡ.

ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. ಟೀವಿ ಆಫ್ ಮಾಡಿದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾನು ಮಾತಾಡುವಾಗ ಟೀವಿ ಆಫ್ ಆಗಿದ್ದು ಎರಡೋ ಮೂರೋ ಸಲ.

"ಆ ಚೀಟಿ ಹರಿದು ಬಿಸಾಕು" ಅಂದರು.

"ಅವಳ ಕೆಲಸ ಹೋಗುತ್ತೆ ರೀ."

"ಹೇಳಿದ್ರೆ ನಿಂದು ಹೋಗುತ್ತೆ. ಅವಳಿಗೆ ಇಪ್ಪತ್ತಾರು, ಇನ್ನೊಂದು ಸಿಗುತ್ತೆ. ನಿಂಗೆ ನಲವತ್ತೆಂಟು, ಆ ಮೊಣಕಾಲು ಇಟ್ಕೊಂಡು ಯಾರು ಕೊಡ್ತಾರೆ? ನೀನೇನು ಬೇಕೂಂತ ಮಾಡಿದ್ಯಾ?"

ಬೇಕೆಂದು ಮಾಡಲಿಲ್ಲ. ನಿಜ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತ ಗಾದೆ ಹೇಳುತ್ತಾರೆ. ಎತ್ತು ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತು ನೋಡುತ್ತಿತ್ತು ಅಂತ ಯಾರೂ ಹೇಳುವುದಿಲ್ಲ.

ಚೀಟಿ ಹರಿಯಲಿಲ್ಲ. ಈ ಡೈರಿಯಲ್ಲೇ ಇಟ್ಟಿದ್ದೇನೆ, ಆರನೇ ತಾರೀಖಿನ ಪುಟದಲ್ಲಿ.

ಮಾರ್ಚ್ ೧೯, ಬುಧವಾರ. ಸಂಜೆ

ಒಂದು ವಾರ ಬರೆಯಲಿಲ್ಲ. ಬರೆದರೆ ಆ ಪುಟ ದಾಟಬೇಕು.

ಇವತ್ತು ಸ್ಟಾಫ್ ಬಸ್ ನಿಲ್ಲುವ ಕಡೆ ಕಡ್ಡಿ ಕಾದು ನಿಂತಿದ್ದಳು. ಇನ್ನೂ ಇಳಿದುಹೋಗಿದ್ದಾಳೆ. ನನ್ನ ಕೈಯಿಂದ ಊಟದ ಬುತ್ತಿ ತೆಗೆದುಕೊಂಡಳು, ಯಾವಾಗಲೂ ಮಾಡುವ ಹಾಗೆ, ಭಾರವಾಗುತ್ತದೆ ಕೊಡಿ ಅಕ್ಕಾ ಅಂತ.

"ಅಕ್ಕಾ, ಒಂದು ಕೇಳ್ಲಾ? ಬೈಬಾರದು."

ಅವಳಿಗೆ ಗೊತ್ತಾಗಿಬಿಟ್ಟಿತು ಅಂದುಕೊಂಡೆ. ಗೊತ್ತಾಗಿದ್ದರೆ ಒಳ್ಳೆಯದಿತ್ತು.

"ನೀವು ಅವತ್ತು ಹೇಳಿದ್ರೇನೋ ಅಲ್ವಾ ಅಕ್ಕಾ? ಒಂಬತ್ತನೇ ಗೇಟಲ್ಲಿ ಅಜ್ಜ ಇದ್ದಾರೆ ಅಂತ. ಯೋಚನೆ ಮಾಡಿ ಮಾಡಿ ಈಗ ನಂಗೇ ಹೇಳಿದ ಹಾಗೆ ಅನ್ನಿಸ್ತಿದೆ. ನಾನೇ ಮರೆತಿರ್ಬೇಕು. ಚೀಟಿನೂ ಕೊಟ್ಟಿರ್ತೀರ. ಎಲ್ಲಿಟ್ನೋ. ಮನೆಯೆಲ್ಲ ಹುಡುಕಿದೆ. ಮಂಚ ಎತ್ತಿ ನೋಡಿದೆ."

"ಇಲ್ಲ ಕಣೇ" ಅಂದೆ. ಅಷ್ಟು ಹೊರಗೆ ಬಂತು. ಮುಂದಿನದು ಬರಲಿಲ್ಲ.

"ಆ ಅಜ್ಜ ಉಚ್ಚೆ ಮಾಡ್ಕೊಂಡು ಕೂತಿದ್ರಂತೆ ಅಕ್ಕಾ. ನನ್ನಿಂದ. ಮಲಗಿದ್ರೆ ಅದೇ ಕಣ್ಣಿಗೆ ಬರುತ್ತೆ. ವಿಚಾರಣೇಲಿ ಹೌದು ಸಾರ್, ನಂದೇ ತಪ್ಪು ಅಂದ್ಬಿಡ್ತೀನಿ. ನೀವು ಒಂದು ಮಾತು ಹೇಳ್ತೀರಾ, ಒಳ್ಳೇ ಹುಡುಗಿ, ಬೇಕೂಂತ ಮಾಡಿಲ್ಲ ಅಂತ?"

ಹೂಂ ಅಂದೆ. ಹೂಂ! ನನ್ನ ನಾಲಿಗೆಗೆ ಹುಳ ಬೀಳಬೇಕಿತ್ತು. ಬಸ್ಸಲ್ಲಿ ಕೂತ ಮೇಲೆ ಅವಳು ಹೊರಗಿನಿಂದ ಕೈ ಬೀಸಿದಳು. ನಾನೂ ಬೀಸಿದೆ.

ಮಾರ್ಚ್ ೨೧, ಶುಕ್ರವಾರ. ಸಂಜೆ

ಬೆಳಗ್ಗೆ ಪಟ್ಟಿ ನೋಡಿದೆ. ಹನ್ನೊಂದು ಗಂಟೆಗೆ ಬರುವ ವಿಮಾನ, 'ಆರ್', ಒಬ್ಬರೇ. ಅಜ್ಜನ ಹೆಸರು.

ಬೇರೆಯವರಿಗೆ ಕೊಡಬಹುದಿತ್ತು. ಹೊಟ್ಟೆನೋವು ಅನ್ನಬಹುದಿತ್ತು. ಹೋದೆ.

ಚೇರಿನವರು ಹತ್ತುವಾಗ ಎಲ್ಲರಿಗಿಂತ ಮೊದಲು, ಇಳಿಯುವಾಗ ಎಲ್ಲರಿಗಿಂತ ಕೊನೆ. ವಿಮಾನದ ಬಾಗಿಲಲ್ಲಿ ನಿಂತು ಎಲ್ಲರೂ ಇಳಿಯುವುದನ್ನು ಕಾದೆ. ಅಜ್ಜ ಸೀಟು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟು ಬಂದರು. "ನಿಧಾನ ಅಜ್ಜಾ" ಅಂದೆ. ತಲೆ ಎತ್ತಿದರು.

"ಅದೇ ಗಂಟಲು! ನೀವೇ ಅಲ್ವಾ ತಾಯಿ?"

ಕೂರಿಸಿದೆ. ಬಗ್ಗಿ ಅವರ ಪಾದವನ್ನು ಕೆಳಗಿನ ಪಟ್ಟಿಯ ಮೇಲೆ ಇಡಲು ಹೋದೆ. ಚಪ್ಪಲಿಯೊಳಗೆ ಕೆಂಪು ಕಾಲುಚೀಲ. ಲೇಬಲ್ಲು ಕಿತ್ತ ಜಾಗದಲ್ಲಿ ಪ್ಲಾಸ್ಟಿಕ್ ಎಳೆ ಹಾಗೇ ನಿಂತಿತ್ತು. ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಪಟ್ಟಿಯ ಮೇಲಿಟ್ಟೆ. 

ಅವರೇ ಹೇಳಿದರು. ನಾನು ಹಿಂದಿನಿಂದ ತಳ್ಳುತ್ತಿದ್ದೆ, ಅವರು ಮುಂದೆ ನೋಡಿಕೊಂಡು ಹೇಳುತ್ತಿದ್ದರು. ನಮ್ಮ ಕೆಲಸದಲ್ಲಿ ಹಾಗೇ, ಮುಖ ನೋಡಿ ಮಾತಾಡುವ ಹಾಗಿಲ್ಲ.

"ಗುರುವಾರ ರಾತ್ರಿ ಒಂಬತ್ತಕ್ಕೆ ಹೋದ್ಲು. ನಾನು ಐದಕ್ಕೆ ಅಲ್ಲಿರಬೇಕಿತ್ತು. ನಾಲ್ಕು ಗಂಟೆ ಸಿಗ್ತಿತ್ತು ತಾಯಿ. ಬಾಗಿಲು ನೋಡ್ತಾನೇ ಇದ್ಲಂತೆ. ಪ್ರತಿ ಸಲ ನರ್ಸ್ ಒಳಗೆ ಬಂದಾಗಲೂ ನಾನು ಅಂದ್ಕೊಂಡು ತಲೆ ಎತ್ತೋಳಂತೆ. ನಾನು ಹೋಗೋ ಹೊತ್ತಿಗೆ ಎಲ್ಲಾ ಮುಗಿಸಿದ್ರು. ಮುಖನೂ ಸಿಗಲಿಲ್ಲ. ಇದನ್ನ ಬಿಸಾಡೋಕೆ ಮನಸ್ಸಾಗಲಿಲ್ಲ, ಹಾಕ್ಕೊಂಡೆ."

ನಾನು ತಳ್ಳುತ್ತಲೇ ಇದ್ದೆ.

"ಹೆಸರು ಕೂಗಿದ್ದು ಕೇಳಿಸ್ತು ತಾಯಿ. ಕೇಳಿಸ್ಲಿಲ್ಲ ಅಂತಲ್ಲ. ಏಳೋಣ ಅಂದ್ಕೊಂಡೆ. ಆದ್ರೆ ನೀವು ಅಲ್ಲಾಡಬೇಡಿ ಅಂದಿದ್ರಿ. ನಾನು ಎದ್ದು ಹೋಗಿ, ಈ ಕಡೆ ನೀವು ಬಂದು, ನಾನಿಲ್ಲ ಅಂತ ಹುಡುಕಾಡಿದ್ರೆ? ಸಿಗ್ನಲ್ ಬರದೆ ಗೇಟು ತೆಗೆದೋನಲ್ಲ ನಾನು."

ಆಮೇಲೆ ಅಂದರು, "ಆಫೀಸಿನೋರು ಫೋನ್ ಮಾಡಿದ್ರು. ಯಾರೋ ಹುಡುಗಿಯಂತೆ, ತೆಗೆದುಹಾಕ್ತೀವಿ ಅಂದ್ರು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ತೆಗೀಲಿ ಅನ್ನಿಸ್ತು. ನಿಮ್ಮ ಹತ್ರ ಸುಳ್ಳು ಯಾಕೆ."

"ಅವಳಲ್ಲ ಅಜ್ಜಾ."

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಅವರ ತಲೆಯ ಹಿಂಭಾಗ, ಬಾಚಿದ ಬಿಳಿ ಕೂದಲು, ಅದಕ್ಕೇ ಹೇಳಿದೆ. "ನಾನು. ನಾನೇ ಮರೆತೆ. ಆ ಹುಡುಗಿಗೆ ನಾನು ಹೇಳೇ ಇಲ್ಲ. ಸುಮ್ಮನೆ ಅವಳ ನಂಬರು ಬರೆದು ಹೋದೆ. ನಿಮ್ಮ ಚೀಟಿ ನನ್ನ ಹತ್ರನೇ ಇದೆ. ಬಸ್ ಹತ್ತಿ ಮನೆಗೆ ಹೋದೆ ಅಜ್ಜಾ. ಊಟ ಮಾಡಿದೆ. ಡೈರಿಯಲ್ಲಿ ನಿಮ್ಮ ಬಗ್ಗೆ ಬರೆದೆ."

 ಎಷ್ಟು ದೂರ ಹೋದೆವೋ.

"ಬ್ರೇಕ್ ಹಾಕಿ" ಅಂದರು.

ಹಾಕಿದೆ. ಎದ್ದರು. ಚೀಲ ಹೆಗಲಿಗೆ ಹಾಕಿಕೊಂಡು ನಡೆಯತೊಡಗಿದರು. "ಅಜ್ಜಾ, ಬಹಳ ದೂರ ಇದೆ. ಬೈಯಿರಿ, ಹೊಡೀರಿ, ಕೂತ್ಕೊಂಡು ಬೈಯಿರಿ" ಅಂದೆ. ತಿರುಗಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು ಗೋಡೆಗೆ ಕೈ ಊರಿ ಉಸಿರೆಳೆದುಕೊಳ್ಳುತ್ತಿದ್ದರು. ಆಗ ನಾನೂ ನಿಲ್ಲುತ್ತಿದ್ದೆ. ಅವರು ಹೊರಟರೆ ನಾನೂ. ಸಾಮಾನಿನ ಬೆಲ್ಟಿನ ಹತ್ತಿರ ನಮ್ಮ ಹುಡುಗಿಯೊಬ್ಬಳು ಎದುರಾದಳು. "ಏನು ಮೈಕಕ್ಕಾ, ಮತ್ತೆ ನಿಮ್ಮ ಕೈಗುಣಾನಾ?" ಅಂತ ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು.

ಬಾಗಿಲ ಹತ್ತಿರ ಬಂದಾಗ ಗಾಜಿನಾಚೆ ಮಗಳು ಕಂಡಳು. ಅಜ್ಜ ನಿಂತರು. ಆಗಲೂ ನನ್ನ ಕಡೆ ನೋಡಲಿಲ್ಲ.

"ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲ ಗೇಟು ಹಾಕೋದು ತಡ ಮಾಡಿದ್ದೆ. ಏನೂ ಆಗಲಿಲ್ಲ. ಯಾರೂ ನೋಡ್ಲೂ ಇಲ್ಲ. ಮಾರನೇ ದಿನ ನಾನೇ ಬರೆದು ಕೊಟ್ಟೆ." ಉಸಿರು ಎಳೆದುಕೊಂಡರು. "ನನಗೆ ಹೇಳಿ ಏನು ಬಂತು? ನನ್ನ ಅಕ್ಕ ಹೋದ್ಲು. ಹೇಳ್ಬೇಕಾದೋರಿಗೆ ಹೇಳಿ."

ತಾಯಿ ಅನ್ನಲಿಲ್ಲ.

ಮಾರ್ಚ್ ೨೨, ಶನಿವಾರ. ಬೆಳಗ್ಗೆ ೫.೧೦

ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ. ಕಾಗದ ಬರೆದಾಯಿತು. ಒಂದೇ ಪುಟ. ಚೀಟಿ ಪಿನ್ ಮಾಡಿದ್ದೇನೆ. ನೆನೆಹಾಕುವ ಮುಂಚೆ ಸಿಕ್ಕಿದ್ದು, ಒಂದು ಅಕ್ಷರವೂ ಅಳಿಸಿಲ್ಲ.

ಇವರು ಎದ್ದು ಬಂದು ಓದಿದರು. ಬೈಯುತ್ತಾರೆ ಅಂದುಕೊಂಡೆ. "ಇಲ್ಲಿ ತಾರೀಖು ತಪ್ಪಿದೆ" ಅಂದರು. ಏಳು ಅಂತ ಬರೆದಿದ್ದೆ. ಆರು ಅಂತ ತಿದ್ದಿದೆ. ಒಳಗೆ ಹೋಗಿ ನನ್ನ ಬುತ್ತಿಗೆ ತಾವೇ ಮುಚ್ಚಳ ಹಾಕುತ್ತಿದ್ದಾರೆ, ಸದ್ದು ಕೇಳುತ್ತಿದೆ.

ಕಾಗದ ಕ್ಯಾಬಿನ್‌ಗೆ ಎಂಟಕ್ಕೆ ಕೊಡುತ್ತೇನೆ. ಆದರೆ ಅದಕ್ಕೂ ಮುಂಚೆ ಕಡ್ಡಿ. ಇನ್ನೊಬ್ಬರ ಬಾಯಿಂದ ಅವಳಿಗೆ ಗೊತ್ತಾಗಬಾರದು. ಹದಿನೈದು ದಿನದಿಂದ ಮಂಚ ಎತ್ತಿ ನೋಡುತ್ತಿದ್ದಾಳೆ. ಇನ್ನೊಂದು ಬೆಳಗ್ಗೆ ನೋಡಬಾರದು.

ಫೋನ್ ಹಚ್ಚಿದೆ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಿದ್ದೇನೆ. ಕಾಯುತ್ತಾ ಬರೆಯುತ್ತಿದ್ದೇನೆ. ರಿಂಗ್ ಆಗುತ್ತಿದೆ. ಮಲಗಿರುತ್ತಾಳೆ. ಎತ್ತದಿದ್ದರೆ... ಇಲ್ಲ, ಎತ್ತುವವರೆಗೂ ಮಾಡುತ್ತೇನೆ. ನಾಲ್ಕು ಸಲ ಆಯಿತು. ಐದು.

ಎತ್ತಿದಳು.

"ಅಕ್ಕಾ? ಇಷ್ಟು ಬೇಗ ಎದ್ದಿದ್ದೀರಾ? ಮೊಣಕಾಲು ನೋವಾ? ನಾನು ಬರ್ಲಾ?" ಪೆನ್ನು ಇಟ್ಟು ಹೇಳುತ್ತೇನೆ.